ಹಬ್ಬ ಮುಗಿದ ಮೇಲಿನ 15 ದಿನ

ಇವತ್ತು ನಿಮ್ಮ ಮುಂದೆ ಒಂದು ಪ್ರಶ್ನೆ ಇಡ್ತೇನೆ. ಹಬ್ಬದಲ್ಲಿ ಸಿಕ್ಕಿದ ಭಕ್ತಿ ಕೆಲಸದ ದಿನಗಳಲ್ಲೂ ಉಳಿದಿದೆ ಅಂತ ಯಾವುದರಿಂದ ಗೊತ್ತಾಗುತ್ತೆ? ಯೆಹೂದ್ಯರ ಪ್ರಾರ್ಥನೆಯ ಪದ್ಧತಿಯಲ್ಲಿ ಇದಕ್ಕೆ ಒಂದು ಉತ್ತರ ಇದೆ. ನನ್ನನ್ನು ಅದು ಬಹಳ ದಿನ ಯೋಚನೆಗೆ ಹಚ್ಚಿದೆ.

ಯಾಜಕಕಾಂಡ 23ನೇ ಅಧ್ಯಾಯ ತೆಗೆದು ನೋಡಿ. ಏಳನೇ ತಿಂಗಳ 1ನೇ ದಿನ ತುತೂರಿ ಊದುವ ಹಬ್ಬ. 10ನೇ ದಿನ ದೋಷಪರಿಹಾರಕ ದಿನ. 15ರಿಂದ ಏಳು ದಿನ ಪರ್ಣಶಾಲೆಗಳ ಹಬ್ಬ, 22ಕ್ಕೆ ಕೊನೆಯ ಸಭೆ. ಆಮೇಲೆ ಬರೋದು ಹೆಶ್ವಾನ್ ತಿಂಗಳು. ಅದರಲ್ಲಿ ಮೋಶೆಯ ಧರ್ಮಶಾಸ್ತ್ರ ಹೇಳಿದ ಒಂದು ಹಬ್ಬವೂ ಇಲ್ಲ. ಬರೀ ಮನೆ, ಹೊಲ, ಕೆಲಸ.

ಇಸ್ರಾಯೇಲ್ ದೇಶದಲ್ಲಿ ಬೇಸಿಗೆಯಲ್ಲಿ ಮಳೆ ಬರೋದಿಲ್ಲ. ಹಬ್ಬ ಮುಗಿಯೋ ಹೊತ್ತಿಗೆ ನೆಲ ಒಣಗಿ ಕಲ್ಲಾಗಿರುತ್ತೆ. ಧರ್ಮೋಪದೇಶಕಾಂಡ 11ರಲ್ಲಿ ಮುಂಗಾರು ಮಳೆ ಅಂತ ಓದ್ತೀವಲ್ಲ, ಅದು ನಮ್ಮ ಜೂನ್ ಮಳೆ ಅಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಬರೋ ಅಲ್ಲಿನ ಮೊದಲ ಮಳೆ. ಅದು ಬಿದ್ದರೇನೇ ಉಳಬಹುದು, ಬಿತ್ತಬಹುದು. ಹಾಗಾದರೆ ಹಬ್ಬದ ಮರುದಿನವೇ "ಮಳೆ ಕೊಡು ದೇವರೇ" ಅಂತ ಬೇಡಬೇಕಲ್ವಾ?

ಬೇಡಲಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಕೂಡಿಸಿದ ಮಿಶ್ನಾ ಎಂಬ ಗ್ರಂಥದಲ್ಲಿ ಈ ಚರ್ಚೆ ಬರುತ್ತದೆ. ಹೆಶ್ವಾನ್ 3ರಿಂದ ಮಳೆ ಬೇಡಬಹುದು ಅನ್ನೋದು ಒಂದು ಅಭಿಪ್ರಾಯ. ಗಮಲಿಯೇಲನೆಂಬ ಗುರು 7ರ ತನಕ ಕಾಯಿರಿ ಅಂದನು. ಅಂದರೆ ಹಬ್ಬ ಮುಗಿದು 15 ದಿನ. ಯಾಕೆ? ಹಬ್ಬಕ್ಕೆ ಯೆರೂಸಲೇಮಿಗೆ ಬಂದವರಲ್ಲಿ ಕೊನೆಯ ಮನುಷ್ಯನೂ ಯೂಫ್ರೇಟೀಸ್ ನದಿ ಮುಟ್ಟಲಿ ಅಂತ. ದೂರದ ಬಾಬೆಲಿನ ಕಡೆಗೆ ನಡೆದು ಹೋಗುತ್ತಿರುವವನು ದಾರಿಯಲ್ಲಿ ನೆನೆಯಬಾರದು.

ಈಗ ಆ ರೈತನ ಜಾಗದಲ್ಲಿ ನಿಂತು ನೋಡಿ. ಅವನ ಅಗತ್ಯ ಸುಳ್ಳಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ. ಆದರೂ ಮುಖ ಪರಿಚಯವೇ ಇಲ್ಲದ ಒಬ್ಬ ಪ್ರಯಾಣಿಕನಿಗಾಗಿ ತನ್ನ ಬೇಡಿಕೆಯನ್ನು ಬಾಯಲ್ಲೇ ತಡೆದುಕೊಳ್ಳುತ್ತಾನೆ.

ನೀವು ಕೇಳಬಹುದು, "ಪಾಸ್ಟರ್, ಧೈರ್ಯವಾಗಿ ಬೇಡಿಕೊಳ್ಳಿ ಅಂತ ನೀವೇ ಹೇಳ್ತೀರಲ್ಲ. ಯಾರಿಗೆ ಯಾವಾಗ ಏನು ಕೊಡಬೇಕು ಅಂತ ದೇವರಿಗೆ ಗೊತ್ತಿಲ್ವಾ? ಹೀಗೆ ತಡೆಯೋದು ಅಪನಂಬಿಕೆ ಅಲ್ವಾ?" ಒಳ್ಳೆಯ ಪ್ರಶ್ನೆ. ನನಗೆ ಅನ್ನಿಸೋದು ಇದು: ಪ್ರಾರ್ಥನೆ ಬರೀ ಮಾತು ಅಂದುಕೊಂಡವನು ಯಾವಾಗ ಬೇಕಾದರೂ ಏನು ಬೇಕಾದರೂ ಕೇಳ್ತಾನೆ. ದೇವರು ನಿಜವಾಗಿ ಕೇಳಿಸಿಕೊಳ್ತಾನೆ, ನಿಜವಾಗಿ ಮಳೆ ಬರುತ್ತೆ ಅಂತ ನಂಬಿದವನು ಮಾತ್ರ ಅದು ಯಾರ ತಲೆ ಮೇಲೆ ಬೀಳುತ್ತೆ ಅಂತ ಯೋಚಿಸ್ತಾನೆ.

ಇನ್ನೊಂದು ಮಾತು. ಈ ಕಾಯುವಿಕೆಗೆ ಲೆಕ್ಕ ಇದೆ. 15 ದಿನ, ಅಷ್ಟೇ. ರೈತ ಹಸಿದು ಸಾಯಬೇಕು ಅಂತ ಯಾರೂ ಹೇಳಲಿಲ್ಲ. 7ನೇ ದಿನ ಬಂದಾಗ ಸಂಕೋಚವಿಲ್ಲದೆ ಬೇಡಬೇಕು. ಪರರ ಪ್ರಯಾಣಕ್ಕೂ ಬೆಲೆ ಇದೆ, ನಿನ್ನ ಹೊಲಕ್ಕೂ ಬೆಲೆ ಇದೆ.

ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಯಿತು. ನಡೆದು ಬರುವ ಆ ಯಾತ್ರಿಕರು ಈಗಿಲ್ಲ. ಆದರೂ ಇಸ್ರಾಯೇಲಿನಲ್ಲಿ ಪ್ರಾರ್ಥಿಸುವ ಯೆಹೂದ್ಯರು ದಿನದ ಪ್ರಾರ್ಥನೆಯಲ್ಲಿ ಮಳೆಯ ಬೇಡಿಕೆಯನ್ನು ಇಂದಿಗೂ ಹೆಶ್ವಾನ್ 7ರಿಂದಲೇ ಶುರು ಮಾಡ್ತಾರೆ. ಹಬ್ಬದ ಭಕ್ತಿ ಅಲ್ಲಿ ಉಳಿದಿರುವುದು ಹೀಗೆ, ಇನ್ನೊಬ್ಬನ ದಾರಿಯನ್ನು ನೆನಪಿಡುವ ಅಭ್ಯಾಸವಾಗಿ.

ಈ ವಾರ ನೀವೂ ಮಾಡಿ ನೋಡಿ. ಪ್ರಮೋಷನ್‌ಗಾಗಿ, ವೀಸಾಗಾಗಿ, ಮನೆಗಾಗಿ ಮೊಣಕಾಲೂರುವ ಮೊದಲು ಒಂದು ನಿಮಿಷ ಸುಮ್ಮನಿರಿ. ನಾನು ಬೇಡುವ ಮಳೆಗೆ ನೆನೆಯುವವರು ಯಾರಾದರೂ ಇನ್ನೂ ದಾರಿಯಲ್ಲಿದ್ದಾರಾ? ಇದ್ದರೆ ಮೊದಲು ಅವರ ಹೆಸರು ಹೇಳಿ ಪ್ರಾರ್ಥಿಸಿ. ಆಮೇಲೆ ನಿಮ್ಮದನ್ನು ಬೇಡಿ. ಆಮೆನ್.