ತೊಟ್ಟಿಯ ನೀರು, ಸೊಳ್ಳೆಮರಿ ಮತ್ತು ಹಿಂಸೆಯ ಪ್ರಶ್ನೆ

ಡ್ರಮ್ಮಿನ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದರೆ ಆ ನೀರನ್ನು ಬೀದಿಗೆ ಚೆಲ್ಲುವುದು ಹಿಂಸೆಯೇ? ಕೇಳುವುದಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆಗೆ ಭಾರತದ ಧರ್ಮಚಿಂತನೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಬೇರುಗಳಿವೆ. ಮೈಸೂರಿನ ಲಷ್ಕರ್ ಮೊಹಲ್ಲಾದಂಥ ಕಡೆ ಇದು ಬರಿಯ ಪುಸ್ತಕದ ಪ್ರಶ್ನೆಯೂ ಅಲ್ಲ. ದಂಡಿನ ನೆನಪನ್ನು ಹೆಸರಿನಲ್ಲೇ ಇಟ್ಟುಕೊಂಡ ಈ ಹಳೆಯ ಮೊಹಲ್ಲಾದಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಅಶೋಕ ರಸ್ತೆಯ ಬದಿಗೆ ಸಂತ ಫಿಲೋಮಿನಾ ಚರ್ಚು, ಸುತ್ತಮುತ್ತ ಮಸೀದಿ, ಗುಡಿ, ಹಳ್ಳದಕೇರಿಯ ಕಡೆಗೆ ಜೈನರ ಮನೆ ಮತ್ತು ಅಂಗಡಿಗಳು. ನಲ್ಲಿ ಬಂದಾಗ ನೀರು ಹಿಡಿದಿಡುವ ಸಂಪು, ಡ್ರಮ್ಮು, ಮಹಡಿಯ ಟ್ಯಾಂಕು ಎಲ್ಲ ಮತದವರ ಮನೆಯಲ್ಲೂ ಒಂದೇ ತೆರ. ಅದರಲ್ಲಿ ಮೊಟ್ಟೆಯಿಡುವ ಸೊಳ್ಳೆ ಮತ ಕೇಳಿ ಬರುವುದಿಲ್ಲ.

ಕೀಟಗಳು ಮೂಲತಃ ನೆಲದ ಜೀವಿಗಳು. ನೀರಿಗೆ ಇಳಿದ ವಂಶಗಳು ನೆಲದ ಉಸಿರಾಟವನ್ನು ಜೊತೆಗೇ ಕೊಂಡೊಯ್ದವು; ಅವುಗಳ ಅಂಗರಚನೆಯ ಬಹುಪಾಲು ಜಾಣ್ಮೆ ಈ ಒಂದು ತೊಡಕನ್ನು ಬಿಡಿಸುವುದರಲ್ಲೇ ಸಂದಿದೆ. ಕ್ಯೂಲೆಕ್ಸ್ ಮತ್ತು ಈಡಿಸ್ ಸೊಳ್ಳೆಯ ಮರಿಗಳು ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಪದರಕ್ಕೆ ತಾಗಿಸಿ ತಲೆಕೆಳಗಾಗಿ ಜೋತುಬೀಳುತ್ತವೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಮರಿಗೆ ಆ ಕೊಳವೆಯಿಲ್ಲ. ಅದು ನೀರಿನ ಮಟ್ಟಕ್ಕೆ ಸಮನಾಗಿ ಮಲಗಿ ಉಸಿರಾಡುತ್ತದೆ. ಈಜುವ ಜೀರುಂಡೆ ರೆಕ್ಕೆಚಿಪ್ಪಿನ ಅಡಿಯಲ್ಲಿ ಗಾಳಿಯ ಗುಳ್ಳೆಯನ್ನು ಹೊತ್ತು ಮುಳುಗುತ್ತದೆ. ಗುಳ್ಳೆಯೊಳಗಿನ ಆಮ್ಲಜನಕ ಕರಗುತ್ತ ಬಂದಂತೆ ಸುತ್ತಲ ನೀರಿನಿಂದ ಸ್ವಲ್ಪ ಸ್ವಲ್ಪ ಒಳಸೇರುವುದರಿಂದ ಆ ಗುಳ್ಳೆಯೇ ಒಂದಿಷ್ಟು ಹೊತ್ತು ಕಿವಿರಾಗುತ್ತದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದ ಮರಿಗೆ ಕಿವಿರಿರುವುದು ಗುದದ ಒಳಗೆ. ಅಲ್ಲಿಗೆ ಎಳೆದುಕೊಂಡ ನೀರನ್ನು ರಭಸದಿಂದ ಹೊರಚಿಮ್ಮಿಸಿ ಅದು ಮುಂದಕ್ಕೆ ನುಗ್ಗುತ್ತದೆ, ಮಡಚಿಟ್ಟ ಕೆಳತುಟಿಯನ್ನು ಕೈಯಂತೆ ಚಾಚಿ ಬೇಟೆ ಹಿಡಿಯುತ್ತದೆ. ಆಮ್ಲಜನಕ ಹೆಚ್ಚುಕಡಿಮೆ ಇಲ್ಲದ ಕೆರೆಯ ಕೆಸರಿನಲ್ಲಿ ಬಾಳುವ ಕೈರೊನೊಮಿಡ್ ಮರಿಗಳ ಮೈಯಲ್ಲಿ ಮನುಷ್ಯರ ನೆತ್ತರಿನಲ್ಲಿರುವಂತೆ ಹಿಮೋಗ್ಲೋಬಿನ್ ಇದ್ದು, ಅವು ಕೆಂಪಗಿರುತ್ತವೆ. ಸಂಜೆ ಕೆರೆಯ ಏರಿಯ ಮೇಲೆ ಹಿಂಡುಹಿಂಡಾಗಿ ಹಾರುವ ಅವುಗಳ ಪ್ರೌಢಕೀಟಗಳು ಕಚ್ಚುವುದಿಲ್ಲ. ಸೊಳ್ಳೆಯ ಹೋಲಿಕೆಯಿಂದ ಸುಮ್ಮನೆ ಬೈಸಿಕೊಳ್ಳುತ್ತವೆ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕುಕ್ಕರಹಳ್ಳಿಯಂಥ ಕೆರೆಯಲ್ಲಿ ಈ ಹುಳುಗಳು ನೀರನ್ನೂ ನೆಲವನ್ನೂ ಬೆಸೆಯುತ್ತವೆ. ಉದುರಿದ ಎಲೆ, ಪಾಚಿ, ಕೊಳೆತದ್ದು ಅವುಗಳ ಮೈಯಾಗುತ್ತದೆ. ಅವು ಮೀನಿಗೂ ಕಪ್ಪೆಗೂ ತುತ್ತಾಗುತ್ತವೆ. ರೆಕ್ಕೆ ಬಂದು ಹಾರಿದವು ಹಕ್ಕಿ, ಬಾವಲಿ, ಜೇಡಗಳ ಪಾಲು. ಹೀಗೆ ತಳದ ಕೆಸರಿನ ಸಾರ ದಡದ ಮರಕ್ಕೆ ಏರುತ್ತದೆ. ಡ್ರಮ್ಮಿನಲ್ಲಿ ಈ ಏರ್ಪಾಡಿಲ್ಲ. ಮೀನಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿಯಿಲ್ಲ, ನೀರುತಿಗಣೆಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಆರಿಸಿಕೊಂಡಿರುವುದು ಈ ಕಾವಲಿಲ್ಲದ ನೀರನ್ನೇ: ಡ್ರಮ್ಮು, ಹಳೆಯ ಟಯರು, ಎಳನೀರಿನ ಬುರುಡೆ, ಹೂಕುಂಡದ ತಟ್ಟೆ. ಕೆರೆಯ ಏರೋಪ್ಲೇನ್ ಚಿಟ್ಟೆಗಳು ಊರಿನ ಡೆಂಗಿಯನ್ನು ತಡೆಯುತ್ತವೆ ಎಂದು ಆಗಾಗ ಹೇಳುವುದುಂಟು. ಸಂಪಿನ ಒಳಕ್ಕೆ ಅವು ಬರುವುದೇ ಇಲ್ಲವಾದ್ದರಿಂದ ಆ ಮಾತು ಅರ್ಧ ನಿಜ.

ಧರ್ಮದ ಕಡೆಯಿಂದ ಈ ನೀರನ್ನು ಅತ್ಯಂತ ಹತ್ತಿರದಿಂದ ನೋಡಿದವರು ಜೈನರು. ಆಚಾರಾಂಗ ಸೂತ್ರ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಡುತ್ತದೆ: ನೀರಿನಲ್ಲಿ ಜೀವಿಗಳು ವಾಸಿಸುತ್ತವೆ ಎಂಬುದು ಒಂದು, ನೀರೇ ಜೀವಗಳ ಕಾಯ ಎಂಬುದು ಇನ್ನೊಂದು. ಮೊದಲನೆಯವು ಚಲಿಸಬಲ್ಲ ತ್ರಸಜೀವಗಳು, ಎರಡನೆಯವು ಸ್ಪರ್ಶವೊಂದೇ ಇರುವ ಅಪ್ಕಾಯ ಜೀವಗಳು. ಗೃಹಸ್ಥ ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಮರಳಿಸಬೇಕು, ಬೇರೆ ನೀರಿಗಲ್ಲ. ಒಂದು ನೀರಿನ ಹುಳು ಇನ್ನೊಂದು ನೀರಿನಲ್ಲಿ ಬದುಕಲಿಕ್ಕಿಲ್ಲ ಎಂಬ ಎಚ್ಚರ ಇದರ ಹಿಂದಿದೆ. ಇಂದಿನ ಪರಿಸರ ವಿಜ್ಞಾನಿ ಇದನ್ನು ಓದಿ ತಲೆದೂಗಿದರೆ ಆಶ್ಚರ್ಯವಿಲ್ಲ.

ಬೌದ್ಧ ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಜರಡಿಯೂ ಒಂದು. ಜೀವಿಗಳಿವೆ ಎಂದು ತಿಳಿದೂ ಆ ನೀರನ್ನು ಕುಡಿಯುವುದು, ನೆಲಕ್ಕೆ ಅಥವಾ ಹುಲ್ಲಿಗೆ ಸುರಿಯುವುದು ವಿನಯ ಪಿಟಕದಲ್ಲಿ ಪ್ರಾಯಶ್ಚಿತ್ತಕ್ಕೆ ತಕ್ಕ ತಪ್ಪು. ಡ್ರಮ್ಮು ಚೆಲ್ಲುವ ಪ್ರಶ್ನೆಗೆ ನೇರವಾಗಿ ತಾಗುವ ನಿಯಮ ಇದು. ಮನುಸ್ಮೃತಿಯೂ ಸಂನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನು ವಿಧಿಸುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಇದೇ ಸೋಸುವ ಬಟ್ಟೆ ಬೇರೊಂದು ರೀತಿ ಕಾಣಿಸಿಕೊಳ್ಳುತ್ತದೆ: ಪಾನೀಯದಿಂದ ಸೊಳ್ಳೆಯಂಥ ಹುಳುವನ್ನು ಸೋಸಿ ತೆಗೆದು, ಒಂಟೆಯಷ್ಟು ದೊಡ್ಡ ಅಧರ್ಮವನ್ನು ನುಂಗುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ಅಲ್ಲಿನ ಚಿಂತೆ ಹುಳುವಿನ ಪ್ರಾಣವಲ್ಲ, ಕುಡಿಯುವವನ ಮಡಿ. ಕುರಾನಿನ ಎರಡನೆಯ ಅಧ್ಯಾಯವಾದರೋ, ಸೊಳ್ಳೆಯನ್ನು ದೃಷ್ಟಾಂತವಾಗಿ ಎತ್ತಿಕೊಳ್ಳಲು ದೇವರು ಸಂಕೋಚಪಡುವುದಿಲ್ಲ ಎನ್ನುತ್ತದೆ. ಈ ಎಲ್ಲವನ್ನೂ ಒಂದೇ ಅಹಿಂಸೆಯ ದಾರಕ್ಕೆ ಪೋಣಿಸುವುದು ಸುಲಭ, ಆದರೆ ಸರಿಯಲ್ಲ. ಹುಳುವಿನ ಬದುಕನ್ನು ಹುಳುವಿಗಾಗಿಯೇ ಲೆಕ್ಕಕ್ಕೆ ತೆಗೆದುಕೊಂಡದ್ದು ಇಲ್ಲಿ ಮುಖ್ಯವಾಗಿ ಜೈನ, ಬೌದ್ಧ ಪರಂಪರೆಗಳು.

ಜೈನ ಲೆಕ್ಕದಲ್ಲಿ ಸೊಳ್ಳೆ, ನೊಣ, ದುಂಬಿಗಳು ನಾಲ್ಕು ಇಂದ್ರಿಯದ ಜೀವಗಳು, ಕಿವಿಯಿಲ್ಲ. ಕೀಟಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಸೊಳ್ಳೆಯ ಮೀಸೆಯ ಬುಡದಲ್ಲಿ ಸದ್ದನ್ನು ಗ್ರಹಿಸುವ ಅಂಗವನ್ನು 1855ರಲ್ಲೇ ಕ್ರಿಸ್ಟೋಫರ್ ಜಾನ್‌ಸ್ಟನ್ ವಿವರಿಸಿದ್ದ. ಗಂಡು ಸೊಳ್ಳೆ ಹೆಣ್ಣನ್ನು ಹುಡುಕುವುದು ರೆಕ್ಕೆಯ ಝೇಂಕಾರ ಕೇಳಿಯೇ. ಇಂಥ ಕಿರುಜೀವಗಳು ತಾಯಿತಂದೆಯಿಲ್ಲದೆ ಸಮ್ಮೂರ್ಛನದಿಂದ ಹುಟ್ಟುತ್ತವೆ ಎಂಬ ಹಳೆಯ ಅಭಿಪ್ರಾಯವೂ ನಿಲ್ಲಲಿಲ್ಲ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಪಾತ್ರೆಯ ಬಾಯಿಗೆ ತೆಳುಬಟ್ಟೆ ಕಟ್ಟಿ, ನೊಣ ಮೊಟ್ಟೆಯಿಡದ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲವೆಂದು ತೋರಿಸಿದ. ಈ ತಿದ್ದುಪಡಿಗಳಿಂದ ಜೈನರ ನೀತಿ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಇಂದ್ರಿಯ ಹೆಚ್ಚಿದಂತೆ ಹಿಂಸೆಯ ತೂಕವೂ ಹೆಚ್ಚುತ್ತದೆ ಎನ್ನುವುದಾದರೆ ಸೊಳ್ಳೆ ಒಂದು ಮೆಟ್ಟಿಲು ಮೇಲೇರಿತು. ಹುಳು ಮೊಟ್ಟೆಯಿಂದಲೇ ಬರುತ್ತದೆ ಎನ್ನುವುದಾದರೆ ಮೊಟ್ಟೆಯಿಡುವುದನ್ನು ತಡೆಯಬಲ್ಲವನ ಹೊಣೆ ಇನ್ನಷ್ಟಾಯಿತು.

ಹೊಣೆಯ ಮಾತನ್ನು ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಒಂದೇ ಪದದ ಮೇಲೆ ನಿಲ್ಲಿಸುತ್ತದೆ: ಪ್ರಮಾದ. ಮೈಮರೆವಿನಿಂದ ಪ್ರಾಣ ಹೋಗುವಂತೆ ಮಾಡುವುದು ಹಿಂಸೆ ಎಂಬುದು ಅದರ ವ್ಯಾಖ್ಯೆ. ಗೃಹಸ್ಥರ ಮಟ್ಟಿಗೆ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವ ರೂಢಿಯೂ ಇದೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಕಸಮುಸುರೆಗಳಲ್ಲಿ ತಪ್ಪದ ಆರಂಭೀ, ಕಸುಬಿನಲ್ಲಿ ಬರುವ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ. ಗೃಹಸ್ಥ ಪೂರ್ತಿಯಾಗಿ ಬಿಡಬೇಕಾದ್ದು ಮೊದಲನೆಯದು. ಮಗುವಿಗೆ ಡೆಂಗಿ ಬರುವ ಭಯದಿಂದ ಡ್ರಮ್ಮು ಬಗ್ಗಿಸುವವರು ತಮ್ಮದು ವಿರೋಧೀ ಹಿಂಸೆ ಎನ್ನಬಹುದು. ಆ ವಾದ ಸುಳ್ಳಲ್ಲ. ಆದರೆ ಅದು ಪ್ರಶ್ನೆಯನ್ನು ತಪ್ಪು ದಿನಕ್ಕೆ ಗಂಟುಹಾಕುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಬೆಚ್ಚನೆಯ ನೀರಿನಲ್ಲಿ ಏಳರಿಂದ ಹತ್ತು ದಿನ ಸಾಕು. ಮರಿಗಳು ಸಾಯುವುದು ನೀರು ಚೆಲ್ಲಿದ ದಿನ. ಆ ಸಾವು ನಿಶ್ಚಯವಾದದ್ದು ಮುಚ್ಚಳ ತೆರೆದುಬಿಟ್ಟ ದಿನ. ಹಿಂಸೆ ನಡೆದದ್ದು ಆ ಮೊದಲ ದಿನ, ಯಾರೂ ಏನನ್ನೂ ಕೊಲ್ಲದೆ ಇದ್ದಾಗ.

ಹೊಸ ಕಾಲ ಕಂಡುಕೊಂಡ ಉಪಾಯಗಳನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯಾಗಿಯೇ ಕಾಣುತ್ತವೆ. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ ಮೇಲೆ ನಿಂತ ನೀರೆಲ್ಲ ಸರಕಾರದ ಕಣ್ಣಿಗೆ ಬಿತ್ತು. 1928ರಲ್ಲಿ ಇಟಲಿಯಿಂದ ಗಂಬೂಸಿಯಾ ಮೀನು ಭಾರತಕ್ಕೆ ಬಂತು. ಬಾವಿಗೆ ನಾಲ್ಕು ಮೀನು ಬಿಟ್ಟರೆ ಕೈಗೆ ರಕ್ತ ಅಂಟದೆ ಸೊಳ್ಳೆಮರಿ ಮಾಯವಾಗುತ್ತದೆ. ಔಷಧ ಹಾಕಲು ಹಿಂಜರಿಯುವವರಿಗೆ ಇದು ಸೌಮ್ಯ ಮಾರ್ಗವಾಗಿ ತೋರುವುದು ಸಹಜ. ಜೈನ ತರ್ಕ ಮಾತ್ರ ಇದಕ್ಕೆ ಮಣಿಯುವುದಿಲ್ಲ. ಕೃತ, ಕಾರಿತ, ಅನುಮೋದಿತ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಆದದ್ದಕ್ಕೆ ಸಮ್ಮತಿಸಿದ್ದು, ಮೂರೂ ತನ್ನ ಲೆಕ್ಕಕ್ಕೇ ಬರುತ್ತವೆ. ಮೀನಿನಿಂದ ಕೊಲ್ಲಿಸಿದ್ದು ಕಾರಿತ. ವಿಜ್ಞಾನದ ಆಕ್ಷೇಪ ಬೇರೆ: ಉತ್ತರ ಅಮೆರಿಕ ಮೂಲದ ಈ ಮೀನು ಕೆರೆಗೆ ಸೇರಿದರೆ ಸೊಳ್ಳೆಮರಿಯಷ್ಟರಲ್ಲೇ ನಿಲ್ಲದೆ ನಾಡಮೀನಿನ ಮೊಟ್ಟೆಮರಿ, ಗೊದಮೊಟ್ಟೆ, ಇತರ ಜಲಕೀಟಗಳನ್ನೂ ತಿನ್ನುತ್ತದೆ. ಎರಡು ದಾರಿ ಹಿಡಿದು ಬಂದ ಧರ್ಮವೂ ಜೀವಶಾಸ್ತ್ರವೂ ಒಂದೇ ಬಾವಿಕಟ್ಟೆಯ ಮೇಲೆ ಎದುರಾಗುವುದು ಅಪರೂಪ, ಇಲ್ಲಿ ಎದುರಾಗಿವೆ.

ಉಳಿದದ್ದು ಮುಚ್ಚಳ, ಬಲೆಬಟ್ಟೆ, ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದು. ತಿಕ್ಕುವುದು ಏಕೆಂದರೆ ಈಡಿಸ್ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಯ ಮೇಲೆ. ಅವು ಒಣಗಿ ತಿಂಗಳುಗಟ್ಟಲೆ ಕಾದಿದ್ದು ಮತ್ತೆ ನೀರು ಏರಿದಾಗ ಒಡೆಯುತ್ತವೆ. ಇಲ್ಲೂ ಪ್ರಾಣಹಾನಿ ಇದೆ. ಗೃಹಸ್ಥಧರ್ಮ ಅದನ್ನು ಆರಂಭೀ ಹಿಂಸೆಯ ಸಾಲಿಗೆ ಸೇರಿಸಿ ಕಡಿಮೆ ಮಾಡಿಕೊಳ್ಳಲು ಹೇಳುತ್ತದೆಯೇ ಹೊರತು ಇಲ್ಲವೆನ್ನುವುದಿಲ್ಲ. ಕರ್ನಾಟಕ ಸರಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಎಡೆಕೊಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಸೊಳ್ಳೆಗಾಗಿ ಅಲ್ಲ, ಮುಚ್ಚದೆ ಬಿಟ್ಟದ್ದಕ್ಕಾಗಿ. ಉಮಾಸ್ವಾತಿಯ ಪ್ರಮಾದಕ್ಕೆ ಸರಕಾರದ ಅಧಿಸೂಚನೆಯಲ್ಲಿ ಬೆಲೆ ಬರೆದಂತಾಯಿತು, ಕಾರಣ ಮಾತ್ರ ಬೇರೆ.

ಸೋಸುವ ಬಟ್ಟೆ ಇಂದೂ ಲಷ್ಕರ್ ಮೊಹಲ್ಲಾದಂಥ ಬಡಾವಣೆಗಳ ಎಷ್ಟೋ ಜೈನ ಮನೆಗಳ ನಲ್ಲಿಯ ಬಾಯಿಗೆ ಕಟ್ಟಿರುತ್ತದೆ. ಆದರೆ ಸೋಸಿದ್ದನ್ನು ಮರಳಿಸಲು ಬಾವಿಯಿಲ್ಲ. ನೀರು ಬರುವುದು ದೂರದ ಕಾವೇರಿ, ಕಬಿನಿಗಳಿಂದ, ಕ್ಲೋರಿನ್ ಹಾಯ್ದು. ದಾರಿಯಲ್ಲಿ ಸಾಯಬೇಕಾದ್ದು ಸತ್ತಿರುತ್ತದೆ. ಬಟ್ಟೆಯಲ್ಲಿ ಉಳಿಯುವುದು ಹೆಚ್ಚಾಗಿ ಮರಳು ಮತ್ತು ಕೊಳವೆಯ ತುಕ್ಕು. ನೀರಿಗೆ ಜೀವ ಸೇರುವುದು ಬಟ್ಟೆ ದಾಟಿದ ಮೇಲೆ, ಡ್ರಮ್ಮಿನಲ್ಲಿ, ಮೇಲಿನಿಂದ ಬಂದ ಸೊಳ್ಳೆಯಿಂದ.