ಕಥೆ ಕೇಳುವ ಕಿವಿಗೆ ಭಾಷೆ ಹೊರೆಯಲ್ಲ

ಮನೆಗೆ ನೆಂಟರು ಬಂದಾಗ ಮಗುವನ್ನು ಮುಂದೆ ನಿಲ್ಲಿಸಿ, ‘ಪುಟ್ಟಾ, ಬದನೆಕಾಯಿಗೆ ಇಂಗ್ಲಿಷಿನಲ್ಲಿ ಏನಂತಾರೆ ಹೇಳು’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮಗು ಅಮ್ಮನ ಸೆರಗು ಹಿಡಿದು ತಲೆ ತಗ್ಗಿಸುತ್ತದೆ. ಅದೇ ಮಗು ಸಂಜೆ ಅಂಗಡಿ ಆಟಕ್ಕೆ ಕೂತರೆ, ಎಲೆಯ ನೋಟು ಎಣಿಸುತ್ತ, ಹಿಂದಿ ಮನೆಮಾತಿನ ಗೆಳೆಯನ ಜೊತೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಚೌಕಾಸಿಗೆ ಇಳಿಯುತ್ತದೆ. ದರ ಇಳಿಸಲೇಬೇಕು, ಅದಕ್ಕೆ ಮಾತು ಬೇಕು, ಮಾತು ಬಂದೇಬಿಡುತ್ತದೆ.

ಈ ಮರ್ಮ ಪಂಜೆ ಮಂಗೇಶರಾಯರಿಗೆ ಚೆನ್ನಾಗಿ ಗೊತ್ತಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಅವರು ಒಡನಾಡಿದ ಕರಾವಳಿಯ ಮಕ್ಕಳಲ್ಲಿ ಬಹಳ ಮಂದಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವವರು. ಅವರಿಗೆ ಕನ್ನಡ ಶಾಲೆಯಲ್ಲಿ ಕಲಿಯಬೇಕಾದ ಎರಡನೆಯ ಭಾಷೆ. ಅಂಥ ಮಕ್ಕಳಿಗಾಗಿ ಪಂಜೆಯವರು ಹಾಡು ಕಟ್ಟಿದರು, ಕಥೆ ಬರೆದರು. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದು ಅವರದೊಂದು ಕಥೆಯ ಹೆಸರು. ಅಂಗಳದಲ್ಲಿ ಸಿಗಡಿ ಒಣಗುವುದನ್ನು ಕಂಡು ಬೆಳೆದ ಮಗುವಿಗೆ ಅದು ತನ್ನ ಮನೆಯದೇ ಪ್ರಶ್ನೆ. ಉತ್ತರ ತಿಳಿಯುವ ಆಸೆಯಿಂದಲೇ ಅದು ಕನ್ನಡಕ್ಕೆ ಕಿವಿಗೊಡುತ್ತದೆ.

ಒಂದು ‘ಯಾಕೆ’ಗೆ ಇನ್ನೊಂದು ‘ಯಾಕೆ’ ಜೋಡಿಸುತ್ತ ಹೋಗುವ ಕಥೆಗಳನ್ನು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಹಸು ಯಾಕೆ ಮೇಯಲಿಲ್ಲ? ಮಗು ಯಾಕೆ ಅತ್ತಿತು? ಇರುವೆ ಯಾಕೆ ಕಚ್ಚಿತು? ವಾಕ್ಯದ ಕಟ್ಟು ಒಂದೇ, ಹೆಸರುಗಳಷ್ಟೇ ಬೇರೆ. ಅಜ್ಜಿ ನಡುವೆ ನಿಲ್ಲಿಸಿದರೆ ಮುಂದಿನ ಪ್ರಶ್ನೆಯನ್ನು ಮಗುವೇ ಎತ್ತಿಕೊಳ್ಳುತ್ತದೆ. ಕಂಠಪಾಠದ ದಣಿವಿಲ್ಲದೆ ಪುನರಾವರ್ತನೆ ನಡೆದುಹೋಗುತ್ತದೆ. ಇರುವೆಯ ಪಾತ್ರ ಕಟ್ಟಿದ ಮಗು ತಪ್ಪು ಮಾತಾಡಿದರೂ ಅದು ಇರುವೆಯ ತಪ್ಪು, ಮಗುವಿಗೆ ಸಂಕೋಚವಿಲ್ಲ. ಕಲ್ಪನೆ ಮಾಡುವ ಉಪಕಾರ ಇದು.

ಕಲಿಸಬೇಕಾದದ್ದು ನಮ್ಮ ಮಗುವಿಗೆ ಇಂಗ್ಲಿಷಾಗಿರಲಿ, ಊರಿಗೆ ಹೊಸದಾಗಿ ಬಂದವರ ಮಗುವಿಗೆ ಕನ್ನಡವಾಗಿರಲಿ, ದಾರಿ ಒಂದೇ. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಕಥೆಗೆ ಮೀಸಲಿಡೋಣ. ಪಕ್ಕದ ಮನೆಯ ಮಗುವನ್ನೂ ಕೂರಿಸಿಕೊಳ್ಳೋಣ. ಕೇಳಿದ್ದನ್ನೇ ಮತ್ತೆ ಕೇಳಿದರೆ ಬೇಸರಿಸದೆ ಹೇಳೋಣ. ಹೊಸದಾಗಿ ಕನ್ನಡ ಕಲಿಯುವ ಮಗು ‘ಆನೆ ಬಂದಳು’ ಎಂದರೆ ನಗಬಾರದು, ತಡೆಯಬಾರದು. ‘ಹೌದಾ, ಆನೆ ಬಂತಾ? ಆಮೇಲೆ?’ ಎಂದರೆ ಸಾಕು. ಸರಿಯಾದ ರೂಪ ಅದರ ಕಿವಿಗೆ ಬಿದ್ದಿರುತ್ತದೆ, ಉತ್ಸಾಹವೂ ಉಳಿದಿರುತ್ತದೆ. ತಿದ್ದುವುದರಲ್ಲೂ ಸೌಜನ್ಯ ಇರಬೇಕು. ಮಕ್ಕಳಿಗೆ ಭಾಷೆ ಬರಬೇಕೆಂದು ನಾವು ಹಣ ಖರ್ಚು ಮಾಡಲು ಸಿದ್ಧರಿದ್ದೇವೆ. ಅದಕ್ಕಿಂತ ಮೊದಲು ಸ್ವಲ್ಪ ಸಮಯವನ್ನು, ಸ್ವಲ್ಪ ತಾಳ್ಮೆಯನ್ನು ಖರ್ಚು ಮಾಡೋಣ.