ಋಣ ಯಾರದು?

ಶ್ರೀರಂಗಪಟ್ಟಣವು ಸ್ಮಾರಕಗಳ ಊರು. 1799ರ ಮುತ್ತಿಗೆಯ ನೆನಪಿಗಾಗಿ ಮೈಸೂರು ಸರ್ಕಾರವು 1907ರಲ್ಲಿ ನಿಲ್ಲಿಸಿದ ಎತ್ತರದ ಶಿಲಾಸ್ತಂಭವು ಕೋಟೆಯ ಬಳಿ ಇಂದಿಗೂ ನಿಂತಿದೆ. ಯುದ್ಧದಲ್ಲಿ ಗೆದ್ದವರ ನೆನಪು ಕಲ್ಲಿನಲ್ಲಿ ಉಳಿಯುವುದು ಲೋಕರೂಢಿ. ಅಲ್ಲಿಂದ ಕೃಷ್ಣರಾಜಸಾಗರದ ದಾರಿ ಹಿಡಿದರೆ ಪಾಲಹಳ್ಳಿ, ಅದನ್ನು ದಾಟಿದರೆ ಬೆಳಗೊಳ. ಕಾಲುವೆಯ ನೀರು, ಬತ್ತ, ಕಬ್ಬು, ಇವೇ ಈ ಸೀಮೆಯ ಐಶ್ವರ್ಯ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನಿಗೆ ಕಂಬ ನೆಡುವ ವಾಡಿಕೆ ಮಾತ್ರ ಲೋಕದಲ್ಲಿ ವಿರಳ. ಪರಾಧೀನನಾಗಿ ದುಡಿದವನಿಗೆ ಬಿಡುಗಡೆಯಾದಾಗ ಯಾರು ಯಾರಿಗೆ ಋಣಿಗಳು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಕಬ್ಬಿನಿಂದಲೇ ಬಾಳಿದ ಬೇರೊಂದು ನಾಡಿನಲ್ಲಿ ಅಂಥ ವಿರಳವಾದ ಸ್ಮಾರಕವೊಂದುಂಟು. ಕೆರಿಬಿಯನ್ ಪ್ರಾಂತದ ಬಾರ್ಬಡೋಸ್ ದ್ವೀಪದಲ್ಲಿ, ದಾಸ್ಯವಿಮೋಚನೆಯ ಗುರುತಾಗಿ 1985ರಲ್ಲಿ ಒಂದು ಕಂಚಿನ ಪ್ರತಿಮೆಯನ್ನು ಸ್ಥಾಪಿಸಿದರು. ಕಾರ್ಲ್ ಬ್ರೂಡ್‌ಹೇಗನ್ ಎಂಬ ಶಿಲ್ಪಿಯ ಕೃತಿಯದು. ಕೈಗಳನ್ನೆತ್ತಿ ನಿಂತ ಪುರುಷ. ಮಣಿಕಟ್ಟುಗಳಿಂದ ಜೋಲುವ ತುಂಡಾದ ಸರಪಣಿ. ನೋಡಲು ಹೋದವರು ಅಲ್ಲಿಯ ಜನರ ಬಾಯಲ್ಲಿ ಕೇಳುವ ಹೆಸರು ‘ಬುಸ್ಸಾ’ ಎಂದು. ಬುಸ್ಸಾ ಎಂಬವನು 1816ರಲ್ಲಿ ಆ ದ್ವೀಪದ ದಾಸರ ದಂಗೆಗೆ ಮುಂದಾಳಾಗಿದ್ದು ಹೋರಾಟದಲ್ಲಿ ಮಡಿದನು. ಬಿಡುಗಡೆಯ ಕಾನೂನು ಜಾರಿಗೆ ಬಂದದ್ದು ಹದಿನೆಂಟು ವರ್ಷಗಳ ಅನಂತರ, 1834ರಲ್ಲಿ. ಕಾನೂನನ್ನು ಮಾಡಿದ ಪ್ರಭುಗಳ ಹೆಸರನ್ನು ಬಿಟ್ಟು, ಅದನ್ನು ಕಾಣದೆಯೇ ಸತ್ತವನ ಹೆಸರನ್ನು ಜನರು ಆರಿಸಿಕೊಂಡರು. ಬಿಡುಗಡೆಯು ತಮಗೆ ಬಂದ ದಾನವಲ್ಲ, ಅಪಹೃತವಾಗಿದ್ದ ಸ್ವತ್ತು ಹಿಂದಿರುಗಿದ್ದು ಎಂಬ ಭಾವವು ಆ ಹೆಸರಿನಲ್ಲಿ ಅಡಗಿದೆ.

ಅಂದಿನ ಪಾರ್ಲಿಮೆಂಟಿನ ಲೆಕ್ಕ ಬೇರೆಯಾಗಿತ್ತು. ದಾಸರನ್ನು ಕಳೆದುಕೊಂಡ ಧಣಿಗಳಿಗೆ ಎರಡು ಕೋಟಿ ಪೌಂಡುಗಳ ಪರಿಹಾರ ದೊರೆಯಿತು; ದಾಸರಿಗೆ ಒಂದು ಕಾಸೂ ಇಲ್ಲ. ಸಾಲದುದಕ್ಕೆ, ಆರು ವರ್ಷ ತುಂಬಿದವರೆಲ್ಲ ‘ಕೆಲಸ ಕಲಿಯುವವರು’ ಎಂಬ ಹೊಸ ಹೆಸರಿನಿಂದ ಅದೇ ಧಣಿಗಳಲ್ಲಿ 1838ರವರೆಗೆ ದುಡಿಯಬೇಕಾಯಿತು. ಪರಿಹಾರವಿಲ್ಲದಿದ್ದರೆ ಕಾನೂನೇ ಆಗುತ್ತಿರಲಿಲ್ಲ, ಅದು ವಿವೇಕದ ಮಾರ್ಗ ಎಂದು ಹೇಳುವವರುಂಟು. ಕಾರ್ಯಸಾಧನೆಯ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಕಳ್ಳನಿಂದ ಒಡವೆಯನ್ನು ಬಿಡಿಸಲು ಹಣ ಕೊಟ್ಟಮಾತ್ರಕ್ಕೆ ಒಡವೆ ಕಳ್ಳನದೆಂದು ಸಿದ್ಧವಾಗುವುದಿಲ್ಲವಷ್ಟೆ.

ಇದು ದೂರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ವಿಮೋಚನೆಗೆ ಮುಂಚೆ ಇಂಗ್ಲೆಂಡಿನ ಕೆಲವು ಗೃಹಸ್ಥರು ಕೆರಿಬಿಯನ್ ಸಕ್ಕರೆಯನ್ನು ವರ್ಜಿಸಿ, ನಮ್ಮ ದೇಶದ ಸಕ್ಕರೆಯನ್ನು ಕೊಳ್ಳುತ್ತಿದ್ದರು; ಇದು ದಾಸರು ಮಾಡಿದ ಸಕ್ಕರೆಯಲ್ಲವೆಂದು ಬಟ್ಟಲುಗಳ ಮೇಲೆ ಬರೆಯಿಸುತ್ತಿದ್ದರು. ಅವರ ವ್ರತವು ಶ್ಲಾಘ್ಯವೇ. ಆದರೆ ಅದೇ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡದಲ್ಲಿ ಮನುಷ್ಯರನ್ನು ಮಾರುವುದೂ ಅಡವಿಡುವುದೂ ನಡೆದಿತ್ತು. ಕುಂಪಣಿ ಸರ್ಕಾರದ 1843ರ ಕಾನೂನು ದಾಸರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದಿತು. ದಾಸರನ್ನು ಇಟ್ಟುಕೊಂಡವನಿಗೆ ಶಿಕ್ಷೆಯನ್ನೇನೂ ವಿಧಿಸಲಿಲ್ಲ. 1847ರಲ್ಲಿ ನಮ್ಮ ಪಾಲಹಳ್ಳಿಯಲ್ಲೇ, ರೈತರ ಬೆಲ್ಲವನ್ನು ಶುದ್ಧಿಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಏರ್ಪಟ್ಟಿತು. ಬೆಲ್ಲ ತಂದ ರೈತನು ಸ್ವತಂತ್ರನೇ ಆಗಿದ್ದಿರಬಹುದು. ಅವನ ಹೊಲದ ಆಳು ಯಾವ ಕಟ್ಟಿಗೆ ಸಿಕ್ಕಿ ದುಡಿದನೆಂಬುದನ್ನು ಸಕ್ಕರೆಯ ಹರಳು ಹೇಳಲಾರದು.

ನಮ್ಮಲ್ಲಿ ಆ ಕಟ್ಟಿಗೆ ಜೀತವೆಂದು ಹೆಸರು. ಸಂಬಳವೆಂಬುದು ಈ ಶಬ್ದದ ಹಳೆಯ ಅರ್ಥ. ಸಂಬಳದ ಹೆಸರೇ ಸೆರೆಯ ಹೆಸರಾದದ್ದು ನಮ್ಮ ಭಾಷೆಯಲ್ಲಿ ಉಳಿದಿರುವ ಸಾಕ್ಷಿ. ಮದುವೆಗೋ ಕಾಯಿಲೆಗೋ ತಂದ ಸಾಲ, ಅದರ ಬಡ್ಡಿಗೆ ಅಪ್ಪನ ದುಡಿಮೆ, ಅಸಲಿಗೆ ಮಗನ ದುಡಿಮೆ. ಇಲ್ಲಿ ಸರಪಣಿ ಕಣ್ಣಿಗೆ ಕಾಣುವುದಿಲ್ಲ. ಆಳು ತಾನೇ ತನ್ನನ್ನು ಋಣಿಯೆಂದು ನಂಬಿ, ಕೊಟ್ಟ ಮಾತಿಗೆ ತಪ್ಪಬಾರದೆಂದು ಕಟ್ಟುಬಿದ್ದಿರುತ್ತಾನೆ. ಅವನ ಧರ್ಮಬುದ್ಧಿಯೇ ಅವನಿಗೆ ಸಂಕೋಲೆಯಾಗುವುದು ಈ ಪದ್ಧತಿಯ ಘೋರತೆ.

ಬಲಾತ್ಕಾರದ ದುಡಿಮೆಯನ್ನು ರಾಜ್ಯಾಂಗದ 23ನೆಯ ವಿಧಿಯು 1950ರಲ್ಲೇ ನಿಷೇಧಿಸಿತು. ಆದರೂ ಜೀತಪದ್ಧತಿಯ ನಿರ್ಮೂಲನಕ್ಕೆಂದು 1976ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಈ ಕಾನೂನಿನ ಒಂದು ಅಂಶವು ಮನನೀಯವಾದುದು. ಇದು ಜೀತದ ಸಾಲವನ್ನೇ ಅಳಿಸಿಹಾಕಿತು. ಅಡವಿಟ್ಟ ಸ್ವತ್ತನ್ನು ಹಿಂದಿರುಗಿಸೆಂದಿತು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಎರಡು ಕೋಟಿ ಪೌಂಡುಗಳ ಲೆಕ್ಕವನ್ನು ಇದು ತಲೆಕೆಳಗು ಮಾಡಿತೆನ್ನಬಹುದು. ಜೀತಗಾರನು ಸಾಲಗಾರನಲ್ಲ, ಅವನ ದುಡಿಮೆಯನ್ನು ಉಂಡವನೇ ಸಾಲಗಾರ.

ಆದರೆ ಕಾನೂನು ಸಾಲವನ್ನು ಅಳಿಸಬಲ್ಲುದು, ಹಸಿವನ್ನು ಅಳಿಸಲಾರದು. ಬಿಡುಗಡೆಯಾದವನಿಗೆ ಭೂಮಿಯೋ ಕಸಬೋ ಇಲ್ಲದಿದ್ದರೆ, ಮುಂದಿನ ಕಾಯಿಲೆ ಅವನನ್ನು ಮತ್ತೆ ಅದೇ ಜಗುಲಿಗೆ ಕರೆತರುತ್ತದೆ. ಆದ್ದರಿಂದ ದಾಸ್ಯದ ಅಂತ್ಯವೆಂಬುದು ಪಂಚಾಂಗದಲ್ಲಿ ಗುರುತಿಸುವ ಒಂದು ದಿನವಲ್ಲ. ಸಮಾಜವು ನಿತ್ಯವೂ ತೀರಿಸುತ್ತಿರಬೇಕಾದ ಬಾಕಿ.

ದೇವಋಣ, ಋಷಿಋಣ, ಪಿತೃಋಣಗಳನ್ನು ನಮ್ಮ ಹಿರಿಯರು ಹೇಳಿದರು. ಶತಪಥಬ್ರಾಹ್ಮಣವು ಇವುಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸಿತು. ಮೊದಲಿನ ಮೂರಕ್ಕೆ ಪೂಜೆ, ಅಧ್ಯಯನ, ಸಂತಾನಗಳುಂಟು. ನಾಲ್ಕನೆಯದಕ್ಕೆ ಅಲ್ಲಿ ವಿಧಿಸಿರುವುದು ಅತಿಥಿಸತ್ಕಾರ. ಮನೆಗೆ ಬಂದವನಿಗೆ ಎಲೆ ಹಾಕುವ ನಾವು, ಆ ಎಲೆಯ ಮೇಲಿನ ಅನ್ನವನ್ನು ಬೆಳೆದವನ ಕೂಲಿ ಸಂದಿತೇ ಎಂದೂ ವಿಚಾರಿಸಬೇಡವೇ? ಈ ಪ್ರಶ್ನೆಯನ್ನು ಮನೆಮನೆಯಲ್ಲೂ ಕೇಳುವಂತಾದರೆ, ಬೆಳಗೊಳದ ಗದ್ದೆಯ ಬದುವಿನಲ್ಲಿ ಕಂಬವಿಲ್ಲದಿದ್ದರೂ ಕೊರತೆಯೇನಿಲ್ಲ.